ಮನೆಯಲ್ಲಿ ದನಕರು ಏನಿವೆ?

ಕೇಳುಗರಿಗೆ ನಮಸ್ಕಾರ. ಎಂ.ಎಸ್.ಡಬ್ಲ್ಯು., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಓದುತ್ತಿರುವವರು, ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ಮನೆಮನೆ ಸುತ್ತಿ ಸಮೀಕ್ಷೆ ಮಾಡುವವರು ಇವತ್ತು ರೇಡಿಯೊ ಹಚ್ಚಿದ್ದೀರಿ ಎಂದು ನಂಬಿ ಮಾತನಾಡುತ್ತೇನೆ. ನನ್ನದು ಒಂದೇ ಮಾತು. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದ ಮೇಲೆ, ದನಕರು ಏನಿವೆ, ನಾಯಿ ಇದೆಯೇ ಎಂದೂ ಕೇಳಿ. ಕೇಳಿ ಬರೆದುಕೊಳ್ಳಿ.

ನಮ್ಮ ಫಾರಂಗಳಲ್ಲಿ ಜಾನುವಾರು ಇಲ್ಲವೆಂದಲ್ಲ. ಇವೆ, ಆದರೆ ಆಸ್ತಿಯ ಕಾಲಮಿನಲ್ಲಿ, ಪಂಪ್‌ಸೆಟ್ಟಿನ ಪಕ್ಕ. ಕಾರಹುಣ್ಣಿಮೆಯ ದಿನ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಅದಕ್ಕೆ ಹೋಳಿಗೆ ತಿನ್ನಿಸಿದ ಮೇಲೆ ತಾನು ಊಟಕ್ಕೆ ಕೂರುವ ರೈತನ ಎದುರು ಆ ಕಾಲಮನ್ನು ಓದಿ ನೋಡಿ. ಪಂಪ್‌ಸೆಟ್ಟಿಗೆ ಯಾರೂ ಹೋಳಿಗೆ ತಿನ್ನಿಸುವುದಿಲ್ಲ.

2019ರ ಆಗಸ್ಟ್ ನೆರೆ ನಿಮಗೆ ನೆನಪಿರಬೇಕು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದ್ದವು. ಜಮಖಂಡಿ ತಾಲ್ಲೂಕಿನ ನದಿ ದಂಡೆಯ ಒಂದು ಹಳ್ಳಿ. ಅಜ್ಜ ಒಬ್ಬರು ದೋಣಿ ಹತ್ತಲು ಒಪ್ಪಲೇ ಇಲ್ಲ. ಎರಡು ಎಮ್ಮೆಗಳ ಹಗ್ಗವನ್ನು ಒಂದೇ ಕೈಗೆ ಸುತ್ತಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದರು. ನೀರು ಎಮ್ಮೆಯ ಹೊಟ್ಟೆ ಮುಟ್ಟಿತ್ತು. ಮಗ ಕೈಮುಗಿದ, ಹಿರಿಯರು ಬುದ್ಧಿ ಹೇಳಿದರು, ಅಧಿಕಾರಿಯೊಬ್ಬರು ಗದರಿದರು. ‘ನೀವು ಮುಂದೆ ಹೋಗಿರಿ, ನಾನು ಆಮೇಲೆ ಬರುತ್ತೇನೆ’ ಎಂಬುದೊಂದೇ ಉತ್ತರ. ಮುದುಕನಿಗೆ ತಲೆ ಕೆಟ್ಟಿದೆ ಎಂದೂ ಯಾರೋ ಅಂದರು.

ನೆರೆ ಕೆಲಸಕ್ಕೆ ನಮ್ಮ ಜೊತೆ ಬಂದಿದ್ದ ವಿದ್ಯಾರ್ಥಿನಿಯೊಬ್ಬಳು, ಒಕ್ಕಲುತನದ ಮನೆಯ ಹುಡುಗಿ, ದೋಣಿಯಿಂದಿಳಿದು ಹೋಗಿ ಕೇಳಿದಳು: ‘ಅಜ್ಜಾ, ಈ ಎಮ್ಮೆಗೆ ಇದು ಎಷ್ಟನೇ ಸೂಲು?’

ಅಜ್ಜ ಆಗ ಮುಖ ಎತ್ತಿದರು. ಮೂರನೆಯದಂತೆ, ತುಂಬಿದ ಗಬ್ಬವಂತೆ. ಇದರ ತಾಯಿ ಅಜ್ಜಿಯ ತವರಿನಿಂದ ಬಂದದ್ದಂತೆ. ಅಜ್ಜಿ ತೀರಿಕೊಂಡ ಮೇಲೆ ಇದು ಹತ್ತಿರ ಹೋದರೆ ಒದೆಯುತ್ತಿತ್ತಂತೆ. ಕೊನೆಗೆ ಅಜ್ಜಿಯ ಹಳೆಯ ಸೀರೆಯನ್ನು ಅಜ್ಜನೇ ಹೊದ್ದು ಕುಳಿತ ಮೇಲೆಯೇ ಹಾಲು ಕರೆಯಗೊಟ್ಟಿತಂತೆ. ಸೊಂಟದವರೆಗೆ ನೀರಿರುವ ಓಣಿಯಲ್ಲಿ ಇಷ್ಟೆಲ್ಲ ಮಾತು! ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡು, ಫೋನ್ ಹಚ್ಚಿ, ಏರಿನ ಹೊಲಗಳ ಕಡೆಯಿಂದ ಕಬ್ಬಿನ ಟ್ರ್ಯಾಕ್ಟರೊಂದನ್ನು ತರಿಸಿದಳು. ಎಮ್ಮೆಗಳು ಟ್ರೇಲರ್ ಹತ್ತಿದವು. ಅಜ್ಜನನ್ನು ಯಾರೂ ಕರೆಯಬೇಕಾಗಲಿಲ್ಲ.

ಮುಂದಿನದನ್ನೂ ಕೇಳಿ. ಗಂಜಿ ಕೇಂದ್ರ ಶಾಲೆಯಲ್ಲಿ, ದನಗಳು ಊರಾಚೆ. ಅಜ್ಜ ಊಟ ಬಿಟ್ಟರು. ಮೇವು ಹಾಕುವ ಜಾಗದಲ್ಲೇ ತಾಡಪತ್ರಿ ಕಟ್ಟಿ ಮಲಗಲು ಬಿಟ್ಟ ರಾತ್ರಿಯೇ ಎರಡು ರೊಟ್ಟಿ ಉಂಡರು.

ಹಳ್ಳಿಗರ ಭಾವುಕತೆ ಎಂದು ನಗುವವರಿಗೆ ಇನ್ನೊಂದು ಊರಿನ ಮಾತು ಹೇಳುತ್ತೇನೆ. 2005ರಲ್ಲಿ ಅಮೆರಿಕದಲ್ಲಿ ಕತ್ರೀನಾ ಚಂಡಮಾರುತ ಬಂದಾಗ, ನಾಯಿ, ಬೆಕ್ಕು ಬಿಟ್ಟು ಬರಲೊಲ್ಲದೆ ಎಷ್ಟೋ ಜನ ಮುಳುಗುವ ಮನೆಯಲ್ಲೇ ಉಳಿದರು. ಮರುವರ್ಷವೇ ಅಲ್ಲಿ ಕಾನೂನು ಬಂತು: ರಾಜ್ಯಗಳ ವಿಪತ್ತು ಯೋಜನೆಯಲ್ಲಿ ಸಾಕುಪ್ರಾಣಿಗಳಿಗೂ ಜಾಗ ಇರಬೇಕು. ಅದಕ್ಕೂ ಬಹಳ ಹಿಂದೆ, 1960ರ ದಶಕದಲ್ಲೇ, ನ್ಯೂಯಾರ್ಕಿನ ಮಕ್ಕಳ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್‌ಸನ್, ಯಾರೊಡನೆಯೂ ಬೆರೆಯದ ಹುಡುಗ ತಮ್ಮ ನಾಯಿ ಜಿಂಗಲ್ಸ್ ಜೊತೆ ಆಡತೊಡಗಿದ್ದನ್ನು ಕಂಡು ಬರೆದರು. ಡೆನ್ವರ್ ವಿಶ್ವವಿದ್ಯಾಲಯದ ಸಮಾಜಕಾರ್ಯ ಶಾಲೆಯಲ್ಲಿ ಮನುಷ್ಯರ, ಪ್ರಾಣಿಗಳ ಈ ಬಾಂಧವ್ಯದ ಅಧ್ಯಯನಕ್ಕೇ ಒಂದು ಸಂಸ್ಥೆಯಿದೆ. ಮುಧೋಳ ನಾಯಿಯ ಸೀಮೆಯವರಾದ ನಾವು ಇನ್ನೂ ಪಂಪ್‌ಸೆಟ್ಟಿನ ಪಕ್ಕದಲ್ಲೇ ಇದ್ದೇವೆ.

ಅಜ್ಜನೇ ನನ್ನ ಸಮಯ ತಿಂದರು, ಉಳಿದದ್ದನ್ನು ಬೇಗ ಹೇಳುತ್ತೇನೆ. ಬರಗಾಲದಲ್ಲಿ ಎತ್ತು ಮಾರಿಬಂದ ರೈತನ ಮನೆಗೆ ಆ ವಾರವೇ ಹೋಗಿ. ಸಾಲದ ಲೆಕ್ಕ ಆಮೇಲೆ ಕೇಳಿ. ಹೊಡೆತ ತಿನ್ನುವ ಹೆಂಗಸು ತವರಿಗೆ ಹೋಗಲೊಲ್ಲೆ ಎಂದರೆ, ಅವಳು ಹೋದರೆ ಆಡು, ಆಕಳಿಗೆ ನೀರಿಡುವವರು ಯಾರು ಎಂದು ಕೇಳಿ. ಗಂಡ ಆ ಮೂಕಪ್ರಾಣಿಗೂ ಹೊಡೆಯುತ್ತಾನೆಯೇ ಎಂಬುದನ್ನೂ ಕೇಳಿ. ನೆರೆಯಲ್ಲಿ ಸತ್ತ ಹಾಲಿನ ಎಮ್ಮೆಗೆ ವಿಪತ್ತು ನಿಧಿಯಿಂದ ಪರಿಹಾರ ಸಿಗುತ್ತದೆ, 2022ರಲ್ಲಿ ನಿಗದಿಯಾದ ದರ 37,500 ರೂಪಾಯಿ. ಅರ್ಜಿ ಬರೆಸಿಕೊಂಡು ಎದ್ದು ಬರಬೇಡಿ, ಒಂದು ಗಳಿಗೆ ಕುಳಿತು ಆ ಎಮ್ಮೆಯ ಬಗ್ಗೆ ಮಾತನಾಡಿಸಿ.

ಇದನ್ನು ಕೇಳದೆಯೇ ‘ಫಲಾನುಭವಿ ಸಹಕರಿಸಲಿಲ್ಲ’ ಎಂದು ವರದಿ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಕ್ಷಮಿಸಿ. ಫಾರಂನಲ್ಲಿ ಜಾಗವಿಲ್ಲ ಎನ್ನುತ್ತೀರಾ? ಅಂಚಿನಲ್ಲಿ ಬರೆಯಿರಿ. ನಮಸ್ಕಾರ.