ಇದ್ರಾಗ ನಾನೆಲ್ಲಿ ಅದೀನಿ?

ಎಲ್ಲರಿಗೂ ನಮಸ್ಕಾರ.

ಪ್ರವಾಸದಲ್ಲಿ ತೆಗೆದ ಸಾವಿರ ಫೋಟೋಗಳಲ್ಲಿ ಒಂದು ಮಾತ್ರ ಮನಸ್ಸಿನಲ್ಲಿ ಉಳಿಯುತ್ತದಲ್ಲ, ಅದು ಯಾಕೆ ಉಳಿಯುತ್ತದೆ ಅನ್ನುವುದು ಇವತ್ತಿನ ವಿಷಯ. ಕ್ಯಾಮೆರಾದ ತಾಂತ್ರಿಕ ವಿಷಯಗಳಾದ ಲೆನ್ಸು, ಅಪರ್ಚರು, ಐಎಸ್‌ಒ ಬಗ್ಗೆ ನಿಮ್ಮಲ್ಲಿ ತುಂಬಾ ಜನಕ್ಕೆ ಚೆನ್ನಾಗಿ ಗೊತ್ತಿದೆ. ಅದನ್ನು ಬಿಟ್ಟು ಒಂದೇ ಊರನ್ನು ಹಿಡಿದು ಮಾತಾಡುತ್ತೇನೆ. ಊರು ಹಂಪಿ. ಇಪ್ಪತ್ತು ವರ್ಷಗಳಿಂದ ವರ್ಷಕ್ಕೆ ಎರಡು ಸಲವಾದರೂ ಹೋಗಿ ಬರುತ್ತಿದ್ದೇನೆ.

ಯಾರ ಹತ್ತಿರವಾದರೂ ಹೊಸ ಐವತ್ತು ರೂಪಾಯಿ ನೋಟಿದ್ದರೆ ತೆಗೆದು ತಿರುಗಿಸಿ ನೋಡಿ. 2017ರಲ್ಲಿ ಬಂದ ನೀಲಿ ನೋಟು. ಹಿಂದೆ ವಿಠಲ ದೇವಸ್ಥಾನದ ಕಲ್ಲಿನ ರಥ ಇದೆ. ಹಂಪಿ ನೋಡದವರಿಗೂ ಆ ರಥ ಗೊತ್ತು. ಹಾಗಾಗಿ ಅದರ ಮುಂದೆ ಹೋಗಿ ನಿಂತಾಗ ಕೈ ತಾನಾಗಿ ಅದೇ ಕೋನಕ್ಕೆ ಹೋಗುತ್ತದೆ. ನೋಡಿದ್ದನ್ನೇ ಮತ್ತೆ ನೋಡುತ್ತೇವೆ. ಆ ಫೋಟೋ ತೆಗೆಯುವುದು ತಪ್ಪೇನಲ್ಲ, ಮನೆಯವರ ಜೊತೆ ನಿಂತು ಒಂದು ಬೇಕೇ ಬೇಕು. ಆದರೆ ಅದು ಆಗಲೇ ನಮ್ಮ ಜೇಬಿನಲ್ಲಿದೆ, ಅಲ್ವಾ?

ಇದೇ ರಥದ ಒಂದು ಹಳೇ ಫೋಟೋ ಇದೆ. ತೆಗೆದವರು ಅಲೆಕ್ಸಾಂಡರ್ ಗ್ರೀನ್ಲಾ, ಮದ್ರಾಸ್ ಸೇನೆಯ ಅಧಿಕಾರಿ. ವರ್ಷ 1856. ಆಗ ಫಿಲ್ಮ್ ಇರಲಿಲ್ಲ. ಮೇಣ ಹಚ್ಚಿದ ಕಾಗದವೇ ನೆಗೆಟಿವ್. ಒಂದೊಂದು ಚಿತ್ರಕ್ಕೂ ನಿಮಿಷಗಟ್ಟಲೆ ಬೆಳಕು ಬಿಡಬೇಕಿತ್ತು. ಅಷ್ಟು ಹೊತ್ತಿನಲ್ಲಿ ಯಾರಾದರೂ ನಡೆದು ಹೋದರೆ ಅವರು ಚಿತ್ರದಲ್ಲಿ ಮೂಡುವುದೇ ಇಲ್ಲ. ಆ ಫೋಟೋದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರ ಇದೆ. ಇವತ್ತು ಹೋಗಿ ನೋಡಿ, ಶಿಖರ ಇಲ್ಲ. ಮೇಲ್ಗಡೆ ಬೋಳು. ನಾವು ಪೂರ್ತಿ ಅಂದುಕೊಂಡಿರುವ ರಥ ಅರ್ಧ ರಥ. ಆ ಫೋಟೋವನ್ನು ಮೊದಲ ಸಲ ನೋಡಿದ ದಿನ ನಾನು ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

1983ರಲ್ಲಿ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಜಾನ್ ಗೋಲಿಂಗ್ಸ್, ಗ್ರೀನ್ಲಾ ನಿಂತಿದ್ದ ಜಾಗಗಳನ್ನು ಹುಡುಕಿಕೊಂಡು ಹೋಗಿ ಮತ್ತೆ ಫೋಟೋ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ, ಈ ಕಂಬ ಬಿದ್ದಿದೆ, ಆ ಗೋಡೆಯನ್ನು ಆಮೇಲೆ ಕಟ್ಟಿದ್ದಾರೆ, ಇಲ್ಲಿ ಗಿಡ ಬೆಳೆದಿದೆ ಅಂತ ಒಂದೊಂದಾಗಿ ಕಾಣುತ್ತಾ ಹೋಗುತ್ತದೆ. ಗ್ರೀನ್ಲಾ ತಾನೊಂದು ಕಲಾಕೃತಿ ಮಾಡುತ್ತಿದ್ದೇನೆ ಅಂದುಕೊಂಡಿದ್ದರೋ ಏನೋ, ಅದು ನನಗೆ ಮುಖ್ಯ ಅಲ್ಲ. ಅವರ ಫೋಟೋದಲ್ಲಿ ಆ ಊರು ಇದೆ, ಆ ದಿನ ಇದೆ. ಬೇರೆ ಯಾವ ಊರಿನದ್ದು, ಬೇರೆ ಯಾವ ದಿನದ್ದು ಅಂತಲೂ ಹೇಳುವ ಹಾಗಿಲ್ಲ. ನಾನು ದೊಡ್ಡ ಫೋಟೋ ಅನ್ನುವುದು ಇದಕ್ಕೆ.

ಈಗ ಬೆಳಕಿನ ಮಾತು. ಬೆಳಗ್ಗೆ, ಸಂಜೆ ಮಾತ್ರ ತೆಗೆಯಿರಿ, ಮಧ್ಯಾಹ್ನ ಕ್ಯಾಮೆರಾ ಬ್ಯಾಗಿನಲ್ಲಿಡಿ ಅಂತ ಎಲ್ಲರೂ ಹೇಳಿಕೊಡುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಮಾತಂಗ ಬೆಟ್ಟದ ಮೇಲಿನ ಸೂರ್ಯೋದಯ ಚೆಂದ, ಇಲ್ಲ ಅನ್ನುವುದಿಲ್ಲ. ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನವೂ ಹಂಪಿಯೇ. ಬಿಸಿಲು ಆ ಊರಿನ ಅರ್ಧ ಬದುಕು.

ಒಂದು ಏಪ್ರಿಲ್‌ನಲ್ಲಿ ವಿರೂಪಾಕ್ಷ ದೇವಸ್ಥಾನದ ಅಂಗಳದಲ್ಲಿ ಇಡೀ ಮಧ್ಯಾಹ್ನ ಕೂತಿದ್ದೆ. ಚಪ್ಪಲಿ ಹೊರಗೆ ಬಿಟ್ಟಿರಬೇಕಲ್ಲ, ಕಲ್ಲುಹಾಸು ಕೆಂಡದ ಹಾಗೆ ಕಾದಿತ್ತು. ಗೋಪುರದ ಬಾಗಿಲಿಂದ ಒಳಗಿನವರೆಗೆ ನಾರಿನ ಚಾಪೆಯ ಒಂದು ಉದ್ದನೆ ಪಟ್ಟಿ ಹಾಸಿ ನೀರು ಚಿಮುಕಿಸಿದ್ದರು. ಬಂದವರೆಲ್ಲ ಅದರ ಮೇಲೇ ಸಾಲಾಗಿ ನಡೆಯುತ್ತಿದ್ದರು. ದೊಡ್ಡ ಅಂಗಳ ಪೂರ್ತಿ ಖಾಲಿ, ನಡುವೆ ಇಷ್ಟಗಲ ಪಟ್ಟಿಯಲ್ಲಿ ಜನ. ಒಬ್ಬ ಹುಡುಗ ಅಪ್ಪನ ಕೈ ಬಿಡಿಸಿಕೊಂಡು ಚಾಪೆ ದಾಟಿ ಓಡಿದ. ನಾಲ್ಕು ಹೆಜ್ಜೆಗೆ ಕಾಲು ಸುಟ್ಟಿತು. ಎರಡೂ ಹಿಮ್ಮಡಿ ಮೇಲೆತ್ತಿ ತುದಿಗಾಲಲ್ಲಿ ನಿಂತ. ಅವನ ನೆರಳು ಕಾಲ ಬುಡದಲ್ಲೇ ಮುದ್ದೆಯಾಗಿ ಬಿದ್ದಿತ್ತು. ನೆತ್ತಿಯ ಮೇಲಿನ ಬಿಸಿಲಿಲ್ಲದೆ ಆ ನೆರಳು ಸಿಗುವುದಿಲ್ಲ. ಹೊಂಬೆಳಕಿನ ನೂರು ಫೋಟೋ ನನ್ನ ಹತ್ತಿರ ಇವೆ. ನೋಡಿದವರು ತಮ್ಮ ಪಾದ ಹಿಂದಕ್ಕೆ ಎಳೆದುಕೊಳ್ಳುವುದು ಈ ಒಂದನ್ನು ನೋಡಿದಾಗ ಮಾತ್ರ.

ಅದೇ ದೇವಸ್ಥಾನದ ಹಿಂಭಾಗದಲ್ಲಿ ಒಂದು ಕತ್ತಲೆ ಕೋಣೆ ಇದೆ. ಗೋಡೆಯ ಕಿಂಡಿಯಿಂದ ಬೆಳಕು ಒಳಗೆ ಬಂದು ಎದುರು ಗೋಡೆಯ ಮೇಲೆ ರಾಜಗೋಪುರದ ಬಿಂಬ ತಲೆಕೆಳಗಾಗಿ ಬೀಳುತ್ತದೆ. ನಮ್ಮೆಲ್ಲರ ಕ್ಯಾಮೆರಾ ಒಳಗೆ ಆಗುವುದೂ ಅದೇ. ಅಲ್ಲಿ ಹೋದವರು ಎರಡು ನಿಮಿಷ ಜಾಸ್ತಿ ನಿಲ್ಲಿ. ಕಣ್ಣು ಕತ್ತಲೆಗೆ ಹೊಂದಿಕೊಂಡಷ್ಟೂ ಗೋಪುರ ಇನ್ನೂ ಸ್ಪಷ್ಟವಾಗುತ್ತಾ ಬರುತ್ತದೆ. ಬಂದ ಕೂಡಲೇ ಮೊಬೈಲ್ ಫ್ಲಾಶ್ ಹೊಡೆದವರಿಗೆ ಬರೀ ಗೋಡೆ ಸಿಗುತ್ತದೆ.

ಕಾಯುವುದರ ಬಗ್ಗೆ ಯೋಚಿಸುವಾಗೆಲ್ಲ ನನಗೆ ಫ್ರಾನ್ಸಿನ ಫೋಟೋಗ್ರಾಫರ್ ಆನ್ರಿ ಕಾರ್ತಿಯೆ ಬ್ರೆಸೋನ್ ಅವರ 1948ರ ಶ್ರೀನಗರದ ಚಿತ್ರ ನೆನಪಾಗುತ್ತದೆ. ಹರಿ ಪರ್ಬತ್ ಗುಡ್ಡದ ಮೇಲೆ ಕೆಲವು ಹೆಂಗಸರು, ಬೆಳಗಿನ ಪ್ರಾರ್ಥನೆ. ಒಬ್ಬರು ನಿಂತು ಎರಡೂ ಅಂಗೈ ಚಾಚಿದ್ದಾರೆ. ಮುಂದೆ ಕಣಿವೆ, ದೂರದಲ್ಲಿ ಬೆಟ್ಟ, ಮೋಡ. ಆ ಮೋಡವನ್ನು ಆಕೆಯೇ ಅಂಗೈಯಲ್ಲಿ ಎತ್ತಿ ಹಿಡಿದ ಹಾಗೆ ಕಾಣುತ್ತದೆ. ಅವರ ಬೆನ್ನು ನಮ್ಮ ಕಡೆಗಿದೆ. ನನಗೆ ಇದು ಬಹಳ ದೊಡ್ಡ ವಿಷಯ. ಬ್ರೆಸೋನ್ ಯಾರಿಗೂ ಈ ಕಡೆ ತಿರುಗಿ ಅನ್ನದೆ, ಅವರು ನೋಡುತ್ತಿರುವ ಕಡೆಗೇ ನಮ್ಮನ್ನೂ ನೋಡುವ ಹಾಗೆ ಮಾಡಿದ್ದಾರೆ.

ಈಗ ನನ್ನದೇ ಒಂದು ಫೋಟೋ ಬಗ್ಗೆ ಹೇಳಿ ಮುಗಿಸುತ್ತೇನೆ. ಹಂಪಿಯಲ್ಲಿ ಒಬ್ಬ ಅಜ್ಜಿ ಮಿರ್ಚಿ ಬಜ್ಜಿ ಕರಿಯುತ್ತಿದ್ದರು. ಕಟ್ಟಿಗೆ ಒಲೆ, ದೊಡ್ಡ ಬಾಣಲೆ. ಸಂಜೆ ಬಿಸಿಲು ಹೊಗೆಯ ಒಳಗಿಂದ ಹಾದು ಬರುತ್ತಿತ್ತು. ನಾನು ಸೂರ್ಯನಿಗೆ ಎದುರಾಗಿ ನಿಂತು ತೆಗೆದೆ. ಅಜ್ಜಿ ಪೂರ್ತಿ ಕಪ್ಪು ಆಕಾರ, ಸುತ್ತ ಚಿನ್ನದ ಬಣ್ಣದ ಹೊಗೆ. ಆ ಚಿತ್ರವನ್ನು ಒಂದು ವರ್ಷ ಎಲ್ಲರಿಗೂ ತೋರಿಸಿದೆ. ಎಲ್ಲರೂ ಹೊಗಳಿದರು.

ಮುಂದಿನ ಸಲ ಹೋದಾಗ ಅಜ್ಜಿ ಕೇಳಿದರು, "ಎಲ್ಲಾರೂ ಫೋಟೋ ಹೊಡಕೊಂಡು ಹೋಗ್ತೀರಿ. ಒಬ್ಬರಾದ್ರೂ ತಂದು ಕೊಟ್ಟೀರೇನು?" ಅದೃಷ್ಟಕ್ಕೆ ಪ್ರಿಂಟ್ ಬ್ಯಾಗಿನಲ್ಲೇ ಇತ್ತು. ತೆಗೆದು ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು, ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಆಮೇಲೆ ಕೇಳಿದರು:

"ಇದ್ರಾಗ ನಾನೆಲ್ಲಿ ಅದೀನಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹೊಗೆ ಇತ್ತು, ಬಿಸಿಲಿತ್ತು, ನನ್ನ ಕೈಚಳಕ ಇತ್ತು. ಅವರು ಇರಲಿಲ್ಲ. ಆ ಆಕಾರ ಯಾವ ಊರಿನ ಯಾವ ಅಜ್ಜಿಯದ್ದೂ ಆಗಬಹುದಿತ್ತು.

ಅವತ್ತು ಕ್ಯಾಮೆರಾ ಹೊರಗೆ ತೆಗೆಯಲಿಲ್ಲ. ಬಜ್ಜಿ ತಿಂದು, ಮಾತಾಡಿ, ಮಾರನೇ ದಿನ ಕೇಳಿಕೊಂಡು ಮತ್ತೆ ಹೋದೆ. ಎದುರಿಗೆ, ನೆಲದ ಮೇಲೆ, ಅವರ ಎತ್ತರಕ್ಕೇ ಕೂತೆ. ಐವತ್ತು ಎಂಎಂ ಲೆನ್ಸ್, ಮೋಡ ಮುಸುಕಿದ ಸಾದಾ ಬೆಳಕು. ಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಅದ್ದಿ, ಪಾತ್ರೆಯ ಅಂಚಿಗೆ ಸವರಿ, ಎಣ್ಣೆಗೆ ಬಿಡುವ ಮುಂಚೆ ಅರೆಕ್ಷಣ ಕೈ ನಿಲ್ಲಿಸುತ್ತಿದ್ದರು. ಎಣ್ಣೆ ಕಾದಿದೆಯಾ ಅಂತ ನೋಡುವುದಕ್ಕೆ. ಪ್ರತಿ ಸಲವೂ ಹುಬ್ಬು ಸ್ವಲ್ಪ ಮೇಲೇರುತ್ತಿತ್ತು. ಅದನ್ನು ಹಿಡಿಯಲು ಸುಮಾರು ಅರವತ್ತು ಬಜ್ಜಿ ಬೇಕಾಯಿತು.

ಎರಡೂ ಚಿತ್ರ ತಂದಿದ್ದೇನೆ. ಹಿಂದೆ ಕೂತವರು ಮುಂದೆ ಬನ್ನಿ. ಲೈಟ್ ಆರಿಸಿ, ಮೊದಲು ಹೊಗೆಯದ್ದು ಹಾಕೋಣ, ಆಮೇಲೆ ಅಜ್ಜಿಯದ್ದು.