ಸಿಯಾಟಲ್ ನೆನಪಾದ್ರೆ ‘ಲವ್ ಈಸ್ ಬ್ಲೈಂಡ್’ ಹಾಕಿ

ನೆಟ್‌ಫ್ಲಿಕ್ಸ್‌ನ ‘ಲವ್ ಈಸ್ ಬ್ಲೈಂಡ್’ ನೋಡ್ತೀವಿ ಅಂತ ಬಾಯ್ಬಿಟ್ಟು ಹೇಳೋಕೆ ನಮ್ಮಲ್ಲಿ ಎಷ್ಟೋ ಜನ ಹಿಂಜರೀತಾರೆ. ಮುಖ ನೋಡದೆ, ಗೋಡೆಯಾಚೆ ಕೂತು ಮಾತಾಡಿ, ಮದುವೆಗೆ ಒಪ್ಕೊಳ್ಳೋ ಶೋ ಅದು. ಹಿಂಜರಿಕೆ ಬೇಡ. ಅದರಲ್ಲೂ ಅಮೆರಿಕದ ಸಿಯಾಟಲ್, ಬೆಲ್‌ವ್ಯೂ, ರೆಡ್ಮಂಡ್ ಕಡೆ ಸಂಸಾರ ಮಾಡಿ ಊರಿಗೆ ವಾಪಸ್ ಬಂದವರು 2023ರಲ್ಲಿ ಬಂದ ನಾಲ್ಕನೇ ಸೀಸನ್ ನೋಡಲೇಬೇಕು, ಅದರ ಜೋಡಿಗಳು ಸಿಯಾಟಲ್‌ ಕಡೆಯವರೇ. ಪ್ರವಾಸದ ವಿಡಿಯೊಗಳು ಸ್ಪೇಸ್ ನೀಡಲ್ ಗೋಪುರ ತೋರಿಸ್ತವೆ, ಪೈಕ್ ಪ್ಲೇಸ್ ಮಾರ್ಕೆಟ್ ತೋರಿಸ್ತವೆ. ಅಲ್ಲಿ ಬದುಕಿದವರಿಗೆ ಕಾಡೋದು ಒದ್ದೆ ಫುಟ್‌ಪಾತು, ಬಾಗಿಲ ಹಿಂದೆ ನೇತುಹಾಕಿದ ಜಾಕೆಟ್ಟು, ಮಧ್ಯಾಹ್ನವೇ ಮಂಕಾಗೋ ಕಿಟಕಿ.

ಆದರೆ ಎಲ್ಲಿ ನೋಡಬೇಕು ಅಂತ ಗೊತ್ತಿರಬೇಕು. ಮೊದಲ ಕೆಲವು ಸಂಚಿಕೆಗಳಲ್ಲಿ ಊರೇ ಇಲ್ಲ. ಗೋಡೆಯಾಚೆ ಕೂತು ಮಾತಾಡೋ ಆ ಪುಟ್ಟ ಕೋಣೆಗಳು, ಅಂದ್ರೆ ಪಾಡ್‌ಗಳು, ಸ್ಟುಡಿಯೊ ಸೆಟ್ಟು, ಕಿಟಕಿ ಇರಲ್ಲ. ಎಲ್ಲರ ಕೈಲೂ ಚಿನ್ನದ ಬಣ್ಣದ ಲೋಟ ಇರುತ್ತಲ್ಲ, ಒಳಗೆ ಎಷ್ಟು ಉಳಿದಿದೆ ಅಂತ ಕಾಣಲ್ಲ. ಹಾಗಾಗಿ ಮೊದಲು ಆಡಿದ ಮಾತಿಗೆ ಗಂಟೆ ಬಿಟ್ಟು ಆಡಿದ ಮಾತನ್ನ ಅಂಟಿಸಿದ್ರೂ ಗುರುತು ಸಿಗಲ್ಲ. ಆಮೇಲೆ ರೆಸಾರ್ಟ್ ಪ್ರವಾಸ. ಅದನ್ನೂ ದಾಟಿ.

ಸಿಯಾಟಲ್‌ಗೆ ಬಂದ ಮೇಲೂ ಜೋಡಿಗಳು ಒಟ್ಟಿಗಿರೋದು ಶೋದವರು ಕೊಟ್ಟ ಅಪಾರ್ಟ್‌ಮೆಂಟಲ್ಲಿ. ಅಲ್ಲಿರೋ ಸೋಫಾ, ಗೋಡೆ ಮೇಲಿನ ಚಿತ್ರ ಯಾವುದೂ ಅವರದ್ದಲ್ಲ. ಒಬ್ಬರು ಇನ್ನೊಬ್ಬರನ್ನ ತಮ್ಮ ಸ್ವಂತ ಮನೆಗೆ ಕರ್ಕೊಂಡು ಹೋಗೋ ದೃಶ್ಯ ಬರುತ್ತೆ ನೋಡಿ, ಅಲ್ಲಿ ರಿಮೋಟ್ ಕೈಗೆ ತಗೊಳ್ಳಿ. ಮಾತು ಬಿಡಿ, ಹಿಂದೇನಿದೆ ನೋಡಿ. ಬಾಗಿಲ ಬಳಿ ಶೂ ಹೇಗೆ ಬಿಟ್ಟಿದಾರೆ, ಕಿಟಕಿ ಬೆಳಕು ರೂಮಿನೊಳಗೆ ಎಲ್ಲಿವರೆಗೆ ಬಂದಿದೆ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗೋದು ರಾತ್ರಿ ಒಂಬತ್ತು ದಾಟಿದ ಮೇಲೆ, ಡಿಸೆಂಬರ್‌ನಲ್ಲಿ ನಾಲ್ಕೂಕಾಲರ ಸುಮಾರಿಗೆ. ರಾತ್ರಿ ಊಟದ ಹೊತ್ತಲ್ಲೂ ಹೊರಗೆ ಬೆಳಕಿದ್ರೆ ಕಾಲ ಯಾವುದು ಅಂತ ಅಲ್ಲಿದ್ದವರಿಗೆ ತಕ್ಷಣ ಗೊತ್ತಾಗುತ್ತೆ.

ಡ್ರೋನ್ ಶಾಟ್ ಮಾತ್ರ ನಂಬಬೇಡಿ. ಹಿಮದ ಬೆಟ್ಟ ಮೌಂಟ್ ರೇನಿಯರ್ ದೂರದಲ್ಲಿ ಕಾಣೋ ನಿಚ್ಚಳ ದಿನ ಹಿಡಿದಿಟ್ಟ ಚಿತ್ರವನ್ನ ಯಾವ ದೃಶ್ಯದ ಮುಂದೆ ಬೇಕಾದ್ರೂ ಸೇರಿಸಬಹುದು. ಮಾತೂ ಅಷ್ಟೇ. ದನಿ ಕೇಳ್ತಿರುವಾಗ ತುಟಿ ಕಾಣದೆ ಬೆನ್ನು ಕಂಡ್ರೆ, ಜೊತೆಗೆ ವಾಕ್ಯದ ನಡುವೆ ಕೋಣೆಯ ಸದ್ದು ಬದಲಾದ್ರೆ, ಅಲ್ಲಿ ಕತ್ತರಿ ಆಡಿರೋ ಸಾಧ್ಯತೆ ಹೆಚ್ಚು.

ನಮ್ಮ ಬಿಗ್ ಬಾಸ್‌ನಲ್ಲಿ ಈ ಸುಖ ಇಲ್ಲ. 2013ರ ಮೊದಲ ಸೀಸನ್ನಿನ ಮನೆ ಇದ್ದದ್ದು ಮಹಾರಾಷ್ಟ್ರದ ಲೋನಾವಳದಲ್ಲಿ. ಆಮೇಲೆ ಬಿಡದಿಗೆ ಬಂತು, ಆದರೂ ಗೋಡೆಯೊಳಗೆ ಬೆಂಗಳೂರು ಕಾಣಲಿಲ್ಲ. ಮಂಡ್ಯ, ಹಾವೇರಿ, ಮಂಗಳೂರಿನ ಕನ್ನಡ ಒಂದೇ ಅಡುಗೆಮನೇಲಿ ಜಗಳ ಆಡೋದು ಕೇಳೋಕೆ ನನಗಿಷ್ಟ, ನಿಜ. ಆದರೆ ದೂರದೇಶದಲ್ಲಿ ಕೂತ ಕನ್ನಡಿಗರಿಗೆ ಊರೂ ಕಾಣಬೇಕು. ಸ್ಪರ್ಧಿಗಳ ಹಿಂದೆ ಕ್ಯಾಮೆರಾ ಅವರ ಬಾಡಿಗೆ ಮನೆ ಮೆಟ್ಟಿಲು ಹತ್ತಲಿ, ಸಂಪಿನ ಮೋಟರ್ ಸದ್ದು ಕೇಳಲಿ, ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆಯನ್ನ ಯಾರೂ ತೆಗೆದಿಡೋದು ಬೇಡ. ಅಂಥ ಕನ್ನಡ ಶೋ ಯಾರಾದ್ರೂ ಮಾಡಿದ್ರೆ ಮೊದಲ ಸಂಚಿಕೆಯಿಂದಲೇ ನೋಡ್ತೀನಿ.