ಒಂದು ಮನೆ ಒತ್ತಿ ಹಿಡಿಯಿರಿ

ಕೇಳುಗ ಬಂಧುಗಳಿಗೆ ನಮಸ್ಕಾರ.

ಹಾರ್ಮೋನಿಯಂ, ಆರ್ಗನ್, ಕೀಬೋರ್ಡ್ ಇವುಗಳಲ್ಲಿ ಯಾವುದನ್ನು ಕೊಳ್ಳಬೇಕು, ಹಳೆಯದು ಒಳ್ಳೆಯದೋ ಹೊಸದೋ ಎಂಬ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಆಕಾಶವಾಣಿಯವರು ಕರೆದಿದ್ದಾರೆ. ಮಂಗಳೂರಿನಲ್ಲಿ ಈ ವಾದ್ಯಗಳನ್ನು ಬಿಚ್ಚಿ, ರಿಪೇರಿ ಮಾಡಿ, ಶ್ರುತಿ ಕೂಡಿಸುತ್ತಲೇ ನನ್ನ ಬದುಕು ನಡೆದಿದೆ. ನನ್ನಲ್ಲಿಗೆ ಬರುವವರು ಭಜನಾ ಮಂಡಳಿಯವರು, ಇಗರ್ಜಿಯ ಗಾಯನ ವೃಂದದವರು, ಮತ್ತೆ ಮಕ್ಕಳನ್ನು ಸಂಗೀತದ ಕ್ಲಾಸಿಗೆ ಸೇರಿಸಿದ ತಂದೆತಾಯಿ. ಎಲ್ಲರೂ ಬಾಗಿಲಲ್ಲೇ ಕೇಳುವ ಪ್ರಶ್ನೆ ಒಂದೇ: “ಇದರಲ್ಲಿ ಎಷ್ಟು ಟೋನ್ ಉಂಟು?”

ದಯವಿಟ್ಟು ಈ ಪ್ರಶ್ನೆಯನ್ನು ಇವತ್ತಿಗೇ ಬಿಟ್ಟುಬಿಡಿ. ಆರುನೂರು ಟೋನ್, ಎಂದರೆ ಆರುನೂರು ಬಗೆಯ ಧ್ವನಿ, ಇರುವ ಕೀಬೋರ್ಡ್ ಕೊಂಡವರು ನುಡಿಸುವುದು ನಾಲ್ಕನ್ನೋ ಐದನ್ನೋ. ಅದರ ಬದಲು ಅಂಗಡಿಯಲ್ಲಿ ಒಂದು ಕೆಲಸ ಮಾಡಿ. ಒಂದು ಮನೆ, ಎಂದರೆ ಬೆರಳಿನಲ್ಲಿ ಒತ್ತುವ ಕೀ, ಒತ್ತಿ. ಬೆರಳು ತೆಗೆಯಬೇಡಿ. ಮನಸ್ಸಿನಲ್ಲೇ ನಿಧಾನವಾಗಿ ಹತ್ತು ಎಣಿಸಿ. ಆ ಹತ್ತು ಎಣಿಸುವುದರೊಳಗೆ ನಾದ ಏನಾಗುತ್ತದೆ, ಅದನ್ನು ಬದಲಿಸಲಿಕ್ಕೆ ನಿಮ್ಮ ಕೈಗೆ ಏನಾದರೂ ಕೆಲಸ ಉಂಟೋ ಇಲ್ಲವೋ, ಅಷ್ಟನ್ನು ಗಮನಿಸಿ. ವಾದ್ಯ ಯಾವ ಜಾತಿಯದು, ನಿಮಗೆ ಆಗುತ್ತದೋ ಇಲ್ಲವೋ ಎಂಬುದು ಅಲ್ಲೇ ತಿಳಿಯುತ್ತದೆ.

ನಮ್ಮ ಹಾರ್ಮೋನಿಯಂನಿಂದಲೇ ಶುರು ಮಾಡುವ. ಪ್ಯಾರಿಸಿನ ಅಲೆಕ್ಸಾಂಡರ್ ದೆಬೆಯಾ 1840ರ ದಶಕದ ಆರಂಭದಲ್ಲಿ ಈ ವಾದ್ಯಕ್ಕೆ ಪೇಟೆಂಟ್ ಪಡೆದರು. ಆಗ ಅದು ಕುರ್ಚಿಯಲ್ಲಿ ಕೂತು ಕಾಲಿನಲ್ಲಿ ತುಳಿಯುವ ದೊಡ್ಡ ಪೆಟ್ಟಿಗೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಹಾಡುವ ನಮಗೆ ಅದು ಹೊಂದಲಿಲ್ಲ. ಕಲ್ಕತ್ತೆಯ ದ್ವಾರಕಾನಾಥ ಘೋಷ್ 19ನೇ ಶತಮಾನದ ಕೊನೆಯ ಭಾಗದಲ್ಲಿ ತಿದಿಯನ್ನು ಹಿಂಬದಿಗೆ ತಂದು, ಎಡಗೈಯಲ್ಲಿ ಒತ್ತುವ ಹಾಗೆ ಮಾಡಿದರು. ಒಳಗೆ ಹಿತ್ತಾಳೆಯ ಸಣ್ಣ ನಾಲಿಗೆಗಳಿವೆ, ರೀಡ್ ಎನ್ನುತ್ತೇವೆ. ಗಾಳಿ ಹೋದಾಗ ಅದು ಅದುರುತ್ತದೆ. ರೀಡಿನ ತುದಿಯನ್ನು ಸ್ವಲ್ಪ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಶ್ರುತಿ ಕೂಡಿಸುವುದೆಂದರೆ ಇಷ್ಟೇ. ಆದರೆ ಒಂದು ಕೂದಲೆಳೆಯಷ್ಟು ಹೆಚ್ಚು ಕೆರೆದರೆ ರೀಡ್ ಹೋಯಿತು.

ಈಗ ಹಾರ್ಮೋನಿಯಂನಲ್ಲಿ ಒಂದು ಮನೆ ಒತ್ತಿ ಹತ್ತು ಎಣಿಸಿ. ನಾದ ನಿಲ್ಲುವುದಿಲ್ಲ. ಎಡಗೈ ಮೆಲ್ಲ ಒತ್ತಿದರೆ ಮೆಲ್ಲ, ಜೋರು ಒತ್ತಿದರೆ ಜೋರು. ಒಂದೇ ಸ್ವರ ಉಬ್ಬುತ್ತದೆ, ಇಳಿಯುತ್ತದೆ. 1940ರಿಂದ 1971ರವರೆಗೆ ಇದೇ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ಪ್ರವೇಶ ಇರಲಿಲ್ಲ ಎಂಬುದು ಇಂದಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಗಮಕ ಬರುವುದಿಲ್ಲ, ಸ್ವರದಿಂದ ಸ್ವರಕ್ಕೆ ಜಾರಲಿಕ್ಕೆ ಆಗುವುದಿಲ್ಲ ಎಂಬ ಆಕ್ಷೇಪ. ಮಾತು ಸುಳ್ಳಲ್ಲ. ಆದರೆ ಆಕ್ಷೇಪ ಮಾಡಿದವರು ಬಲಗೈ ಬೆರಳನ್ನು ಮಾತ್ರ ನೋಡಿದರು, ತಿದಿಯ ಮೇಲಿನ ಎಡಗೈಯನ್ನು ನೋಡಲಿಲ್ಲ ಎಂದೇ ನನ್ನ ಅಭಿಪ್ರಾಯ.

ಇನ್ನು ಪಶ್ಚಿಮದ ದೊಡ್ಡ ವಾದ್ಯಗಳು. ಅಮೆರಿಕದ ಲಾರೆನ್ಸ್ ಹ್ಯಾಮಂಡ್ 1935ರಲ್ಲಿ ವಿದ್ಯುತ್ ಆರ್ಗನ್ ತಂದರು. ಅದರ ಹೆಸರಾಂತ ಬಿ-3 ಮಾದರಿಯ ಒಳಗೆ ಹಲ್ಲಿರುವ 91 ಲೋಹದ ಚಕ್ರಗಳು ತಿರುಗುತ್ತಾ ಇರುತ್ತವೆ, ಪ್ರತಿ ಚಕ್ರದ ಎದುರು ಒಂದು ಅಯಸ್ಕಾಂತ ಮತ್ತು ತಂತಿಯ ಸುರುಳಿ. ಮನೆ ಒತ್ತಿ ಹಿಡಿದರೆ ನಾದ ಗೆರೆ ಎಳೆದ ಹಾಗೆ ನಿಲ್ಲುತ್ತದೆ. ಜೋರಾಗಿ ಒತ್ತಿದರೂ ಅಷ್ಟೇ, ಮೆಲ್ಲ ಒತ್ತಿದರೂ ಅಷ್ಟೇ. ಹಾಗಾದರೆ ಜೀವ ಎಲ್ಲಿಂದ ಬರುತ್ತದೆ? ಒಂಬತ್ತೊಂಬತ್ತರ ಗುಂಪಿನಲ್ಲಿ ಎಳೆಕಡ್ಡಿಗಳಿವೆ, ಡ್ರಾಬಾರ್ ಎನ್ನುತ್ತಾರೆ. ಬೆರಳು ಮನೆಯ ಮೇಲಿರುವಾಗಲೇ ಇನ್ನೊಂದು ಕೈಯಿಂದ ಕಡ್ಡಿ ಎಳೆದರೆ ಅದೇ ಸ್ವರಕ್ಕೆ ಬೇರೆ ಬಣ್ಣ. ಜೊತೆಗೆ ತಿರುಗುವ ಲೆಸ್ಲೀ ಸ್ಪೀಕರ್. ಅದರ ವೇಗ ಬದಲಿಸಿದರೆ ನಾದ ಕೋಣೆಯಲ್ಲಿ ಸುತ್ತುತ್ತದೆ. ಬೆಂಚು, ಪೆಡಲ್ ಎಲ್ಲ ಸೇರಿ ಈ ಬಿ-3 180 ಕಿಲೋಗೂ ಹೆಚ್ಚು ತೂಗುತ್ತದೆ, ಹಾಗಾಗಿ ಹೊರುವ ಮಾತೇ ಇಲ್ಲ.

ಹೆರಾಲ್ಡ್ ರೋಡ್ಸ್ ಎಂಬವರ ವಿದ್ಯುತ್ ಪಿಯಾನೋ ಇದಕ್ಕೆ ಪೂರ್ತಿ ವಿರುದ್ಧ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡು ಹಾಸಿಗೆ ಹಿಡಿದ ಸೈನಿಕರಿಗಾಗಿ ಅವರು ಬಿ-17 ವಿಮಾನದ ಅಲ್ಯೂಮಿನಿಯಂ ಕೊಳವೆಗಳನ್ನು ತುಂಡರಿಸಿ, ತೊಡೆಯ ಮೇಲೆ ಇಟ್ಟು ನುಡಿಸುವ 29 ಸ್ವರಗಳ ಪುಟ್ಟ ಪಿಯಾನೋ ಮಾಡಿದರು. ಎಷ್ಟು ದೊಡ್ಡ ಮನಸ್ಸಿನ ಕೆಲಸ ನೋಡಿ! ಮುಂದೆ ಬಂದ ರೋಡ್ಸ್ ಪಿಯಾನೋದಲ್ಲಿ ಸುತ್ತಿಗೆಯೊಂದು ಉಕ್ಕಿನ ಕಡ್ಡಿಗೆ ಬಡಿಯುತ್ತದೆ. ಒತ್ತಿ ಹಿಡಿದರೆ ನಾದ ಮೆಲ್ಲ ಮೆಲ್ಲ ಕರಗುತ್ತದೆ, ನೀವು ತಲೆಕೆಳಗಾಗಿ ನಿಂತರೂ ಅದನ್ನು ಹೆಚ್ಚಿಸಲಿಕ್ಕೆ ಆಗುವುದಿಲ್ಲ. ಅಲ್ಲಿ ಎಲ್ಲ ಕಸುಬೂ ಬಡಿಯುವ ಕ್ಷಣದಲ್ಲಿ. ಮೆಲ್ಲ ಬಡಿದರೆ ಗಂಟೆಯ ನಾದ, ಜೋರು ಬಡಿದರೆ ಗದರಿಕೆ.

ಈಗ ಮಂಗಳೂರಿನ ಬಿಜೈಯ ಒಂದು ಕುಟುಂಬದ ಕಥೆ ಹೇಳುತ್ತೇನೆ. ಇದನ್ನು ಹೇಳದೆ ನನ್ನ ಮಾತು ಪೂರ್ತಿಯಾಗುವುದಿಲ್ಲ.

ಆ ಮನೆಯ ಅಜ್ಜ ಪ್ರಾಯದಲ್ಲಿ ಮುಂಬೈಯ ಬ್ಯಾಂಡುಗಳಲ್ಲಿ ನುಡಿಸಿದವರು. ಊರಿಗೆ ಬರುವಾಗ 60ರ ದಶಕದ ಒಂದು ಟ್ರಾನ್ಸಿಸ್ಟರ್ ಆರ್ಗನ್ ತಂದಿದ್ದರು. ಮುಚ್ಚಿದರೆ ಸೂಟ್‌ಕೇಸ್, ಬಿಚ್ಚಿದರೆ ಕ್ರೋಮಿಯಂ ಕಾಲುಗಳ ಮೇಲೆ ನಿಲ್ಲುವ ವಾದ್ಯ. ಬ್ರಿಟನ್ನಿನ ವಾಕ್ಸ್, ಇಟಲಿಯ ಫಾರ್ಫೀಸಾ ಹೆಸರು ಮಾಡಿದ ಕಾಲದ ಮಾಲು ಅದು. ಹೆಂಚಿನ ಮಾಡಿನ ಕೆಳಗೆ ಅಟ್ಟದಲ್ಲಿ ಹಳೆ ಬೆಡ್‌ಶೀಟ್ ಸುತ್ತಿಕೊಂಡು ವರ್ಷಗಟ್ಟಲೆ ಬಿದ್ದಿತ್ತು. ಮೊಮ್ಮಗನಿಗೆ ಅವನ ಅಪ್ಪ ಗಲ್ಫಿನಿಂದ ತಂದ ಕೀಬೋರ್ಡ್ ಇತ್ತು, ನೂರಾರು ಟೋನಿನದು. ಅದರಲ್ಲೇ ಇಪ್ಪತ್ತು ಬಗೆಯ ಆರ್ಗನ್ ಉಂಟು, ಅಟ್ಟದ್ದು ಯಾಕೆ ಎಂದು ಅವನ ವಾದ. ಅಜ್ಜ ಹೆಚ್ಚು ಮಾತಾಡುವವರಲ್ಲ. ನನಗೆ ಫೋನ್ ಮಾಡಿಸಿದರು.

ಮುಚ್ಚಳ ತೆಗೆದರೆ ಹಲ್ಲಿಯ ಮೊಟ್ಟೆ, ಜೇಡರ ಬಲೆ. ಪ್ರತಿ ಮನೆಯ ಅಡಿಯಲ್ಲಿ ಒಂದೊಂದು ಸಪೂರ ತಂತಿ ಇರುತ್ತದೆ, ಮನೆ ಒತ್ತಿದಾಗ ಅದು ಹೋಗಿ ಪಟ್ಟಿಗೆ ಮುಟ್ಟಬೇಕು. ನಮ್ಮ ಕಡಲಿನ ಉಪ್ಪುಗಾಳಿಗೆ ಆ ತಂತಿಗಳಿಗೆಲ್ಲ ಹಸಿರು ಕಿಲುಬು ಹಿಡಿದಿತ್ತು. ಒಂದೊಂದನ್ನೇ ಒರೆಸಿದೆ. ಪವರ್ ಸಪ್ಲೈಯ ಕೆಪಾಸಿಟರುಗಳು ಉಬ್ಬಿದ್ದವು, ಬದಲಿಸಿದೆ. ಸ್ವಿಚ್ ಹಾಕಿದರೆ ನಾದ ಬಂತು. ಆದರೆ ಸಿ ಸ್ವರ ಮಾತ್ರ ಇಲ್ಲ. ಮಂದ್ರದಲ್ಲೂ ಇಲ್ಲ, ಮಧ್ಯದಲ್ಲೂ ಇಲ್ಲ, ತಾರದಲ್ಲೂ ಇಲ್ಲ. ಎಲ್ಲ ಸ್ಥಾಯಿಯಲ್ಲಿ ಸಿ ಒಂದೇ ಮೂಕ.

ಮೊಮ್ಮಗನಿಗೆ ಆಶ್ಚರ್ಯ. ಅವನನ್ನು ಹತ್ತಿರ ಕರೆದು ತೋರಿಸಿದೆ. ಒಳಗೆ ಸಾಲಾಗಿ 12 ಸಣ್ಣ ಹಲಗೆಗಳು, ಸಿ ಸ್ವರಕ್ಕೆ ಒಂದು, ಸಿ ಶಾರ್ಪಿಗೆ ಒಂದು, ಹಾಗೆ. ಪ್ರತಿ ಹಲಗೆ ಅದರ ಅತಿ ತಾರದ ಸ್ವರವನ್ನು ಹುಟ್ಟಿಸುತ್ತದೆ. ಅದರ ಕಂಪನವನ್ನು ಅರ್ಧ ಮಾಡಿದರೆ ಒಂದು ಸ್ಥಾಯಿ ಕೆಳಗಿನ ಅದೇ ಸ್ವರ, ಮತ್ತೆ ಅರ್ಧ ಮಾಡಿದರೆ ಇನ್ನೂ ಒಂದು ಕೆಳಗೆ. ತಾಯಿ ಸ್ವರ ನಿಂತರೆ ಕೆಳಗಿನವೆಲ್ಲ ನಿಂತವು. ಆ ಹಲಗೆಯಲ್ಲಿ ಟ್ರಾನ್ಸಿಸ್ಟರಿನ ಒಂದು ಕಾಲಿನ ಬೆಸುಗೆ ಬಿಟ್ಟುಕೊಂಡಿತ್ತು, ಅಷ್ಟೇ. ಬೆಸುಗೆ ಹಾಕಿದ ಕೂಡಲೇ ಎಲ್ಲ ಸ್ಥಾಯಿಯ ಸಿ ಒಟ್ಟಿಗೆ ಬಂತು.

ಅಜ್ಜ ಕುರ್ಚಿ ಎಳೆದು ಕೂತರು. ಹಾಡು ನುಡಿಸಲಿಲ್ಲ. ಮೂರು ಸ್ವರ ಒಟ್ಟಿಗೆ ಒತ್ತಿ ಹಿಡಿದರು. ಹಿಡಿದುಕೊಂಡೇ ಎಡಗೈಯಲ್ಲಿ, ನಾದದ ಬಣ್ಣ ಬದಲಿಸುವ ಮೇಲಿನ ಪಟ್ಟಿಗಳನ್ನು ಒಂದೊಂದಾಗಿ ತೆರೆದರು. ಮೊದಲು ಕೊಳಲಿನ ಹಾಗೆ ಸಪೂರ ಇದ್ದದ್ದು ದಪ್ಪವಾಯಿತು, ಮೇಲೆ ಹರಿತ ಬಂತು, ಕಾಲಿನ ಪೆಡಲ್ ಒತ್ತಿದಾಗ ಚಾವಡಿ ತುಂಬಿತು. ಬಲಗೈ ಬೆರಳು ಒಂದು ಚೂರೂ ಅಲುಗಿರಲಿಲ್ಲ. ಆಮೇಲೆ ಮೊಮ್ಮಗನಿಗೆ, “ನಿನ್ನದರಲ್ಲಿ ಹೀಗೇ ಹಿಡಿ” ಎಂದರು. ಅವನು ಆರ್ಗನ್ ಟೋನ್ ಹಾಕಿ ಹಿಡಿದ. ಶುರುವಿಗೆ ಚಂದವೇ ಇತ್ತು, ನಿಜ ಹೇಳಬೇಕಾದರೆ ಅಜ್ಜನದ್ದಕ್ಕಿಂತ ಶುಭ್ರವಾಗಿಯೇ ಇತ್ತು. ಆದರೆ ಎರಡು ಸೆಕೆಂಡಿಗೊಮ್ಮೆ ಅದೇ ಒಂದು ಕಂಪ ಮತ್ತೆ ಮತ್ತೆ ಬರುತ್ತಿತ್ತು. ಅಂಥ ಕೀಬೋರ್ಡುಗಳಲ್ಲಿ ನಿಜ ವಾದ್ಯದ ಒಂದು ತುಣುಕನ್ನು ಧ್ವನಿಮುದ್ರಿಸಿ ಇಟ್ಟಿರುತ್ತಾರೆ. ಒತ್ತಿ ಹಿಡಿದಾಗ ಆ ತುಣುಕಿನ ಬಾಲವನ್ನೇ ಸುತ್ತಿ ಸುತ್ತಿ ನುಡಿಸುತ್ತದೆ. ಒಮ್ಮೆ ಕಿವಿಗೆ ಬಿದ್ದರೆ ಮತ್ತೆ ಅದೇ ಕೇಳುತ್ತದೆ. ಹುಡುಗ ಎಡಗೈಯಲ್ಲಿ ಏನು ಮಾಡಬೇಕೆಂದು ಹುಡುಕಿದ. ಮಾಡಲಿಕ್ಕೆ ಏನೂ ಇರಲಿಲ್ಲ. ಬೆರಳು ತೆಗೆದು ಅಜ್ಜನ ಆರ್ಗನಿನ ಪಕ್ಕ ಬಂದು ಕೂತ. ಆ ಸಂಜೆ ಅವನಿಗೆ ಪಟ್ಟಿಗಳ ಲೆಕ್ಕ ಹೇಳಿಕೊಡುತ್ತಾ ಕೂತ ಅಜ್ಜನನ್ನು ಬಿಟ್ಟು ಬರಲಿಕ್ಕೆ ನನಗೆ ಮನಸ್ಸಾಗಲಿಲ್ಲ.

ಕಥೆಯಲ್ಲಿ ಹೊತ್ತು ಹೋಯಿತು, ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಹಾಗಾದರೆ ಎಲ್ಲರೂ ಹಳೆಯದನ್ನೇ ಹುಡುಕಬೇಕೇ? ಬೇಡ. ಹಳೆಯ ಗುಣವನ್ನು ಹೊಸ ಪೆಟ್ಟಿಗೆಯಲ್ಲಿ ಇಟ್ಟವರಿದ್ದಾರೆ. ಯಮಾಹಾ 2015ರಲ್ಲಿ ರೀಫೇಸ್ ಎಂಬ ಸಣ್ಣ ವಾದ್ಯಗಳನ್ನು ತಂದಿತು. 37 ಮನೆ, ಎರಡು ಕಿಲೋದೊಳಗೆ ತೂಕ, ಆರು ಪೆನ್ಸಿಲ್ ಸೆಲ್ಲಿನಲ್ಲಿ ನಡೆಯುತ್ತದೆ, ಸ್ಪೀಕರ್ ಒಳಗೇ ಉಂಟು. ಅದರಲ್ಲಿ ವೈಸಿ ಎಂಬುದು ಆರ್ಗನ್, ಒಂಬತ್ತು ಎಳೆಕಡ್ಡಿ, ತಿರುಗುವ ಸ್ಪೀಕರಿನ ವೇಗ ಬದಲಿಸುವ ಸನ್ನೆ, ಎಲ್ಲ ಕೈಗೆ ಸಿಗುತ್ತದೆ. ಸಿಪಿ ಎಂಬುದು ವಿದ್ಯುತ್ ಪಿಯಾನೋ. ಟೋನ್ ಬೆರಳೆಣಿಕೆಯಷ್ಟೇ, ಆದರೆ ಒಂದೊಂದೂ ಕೈಗೆ ಬಗ್ಗುತ್ತದೆ. ಮನೆಗಳು ಮಾತ್ರ ಕಿರಿದು, ದಪ್ಪ ಬೆರಳಿನವರು ಕೂತು ನೋಡಿಯೇ ಕೊಳ್ಳಿ. ಪೂರ್ಣ ಅಳತೆಯ ಮನೆ ಬೇಕು, ಕೈಯಲ್ಲಿ ದುಡ್ಡೂ ಉಂಟು ಎನ್ನುವವರಿಗೆ ಸ್ವೀಡನ್ನಿನ ಕೆಂಪು ಬಣ್ಣದ ನಾರ್ಡ್ ಇಲೆಕ್ಟ್ರೋ ಉಂಟು.

ಭಜನಾ ಮಂಡಳಿಯವರೇ, ನಿಮಗೆ ಕೀಬೋರ್ಡ್ ಬೇಡ. ಏಕಾಹ ಭಜನೆಗೆ ಹಾರ್ಮೋನಿಯಂ ಸಾಕು, ಡಬಲ್ ರೀಡಿನದು, ಎಂದರೆ ಪ್ರತಿ ಮನೆಗೆ ಎರಡು ರೀಡ್ ಇರುವುದು, ತೆಗೆದುಕೊಳ್ಳಿ. ಕೊಳ್ಳುವಾಗ ಎಲ್ಲ ಮನೆಗಳನ್ನೂ ಒಂದೊಂದಾಗಿ ಒತ್ತಿ ಹಿಡಿದು ನೋಡಿ. ಶ್ರುತಿ ಹಿಡಿಯುವ ಗುಂಡಿಗಳನ್ನು ಮುಚ್ಚಿ, ಯಾವ ಮನೆಯನ್ನೂ ಒತ್ತದೆ ತಿದಿ ಹಾಕಿದಾಗಲೂ ಸ್ವರ ಬಂದರೆ ಆ ಪೆಟ್ಟಿಗೆ ಬೇಡ. ಯಕ್ಷಗಾನದ ಹಿಮ್ಮೇಳದವರಿಗೆ ನಾನು ಹೇಳುವುದು ಏನೂ ಇಲ್ಲ. ರಾತ್ರಿಯಿಡೀ ಶ್ರುತಿ ಹಿಡಿದುಕೊಂಡು ಕೂರುವವರಿಗೆ ಒತ್ತಿ ಹಿಡಿದ ನಾದ ಎಂದರೆ ಏನೆಂದು ನನಗಿಂತ ಚೆನ್ನಾಗಿ ಗೊತ್ತು.

ತಂದೆತಾಯಿಯರಿಗೆ ಇನ್ನೊಂದು ಪರೀಕ್ಷೆ. ಪಿಯಾನೋ ಟೋನ್ ಹಾಕಿ ಒಂದು ಮನೆಯನ್ನು ಮೆಲ್ಲ ಒತ್ತಿ, ಆಮೇಲೆ ಜೋರಾಗಿ ಒತ್ತಿ. ಎರಡೂ ಒಂದೇ ಕೇಳಿದರೆ ಅದರಲ್ಲಿ ಮಗು ಪಿಯಾನೋ ಕಲಿಯಲಿಕ್ಕೆ ಸಾಧ್ಯವೇ ಇಲ್ಲ. ಅಂಗಡಿಯವರು ಡೆಮೋ ಹಾಡು ಹಾಕಿದರೆ ನಿಲ್ಲಿಸಲಿಕ್ಕೆ ಹೇಳಿ. ಅದು ವಾದ್ಯದ ಪರೀಕ್ಷೆ ಅಲ್ಲ.

ಅಮೆರಿಕದಲ್ಲಿರುವ ನೆಂಟರು ಹಳೆಯ ಹ್ಯಾಮಂಡ್ ಕೊಡುತ್ತೇನೆ ಎಂದರೆ ಹಿಗ್ಗಬೇಡಿ. ಅಲ್ಲಿಯ ವಿದ್ಯುತ್ 60 ಹರ್ಟ್ಸ್, ನಮ್ಮದು 50. ಟ್ರಾನ್ಸ್‌ಫಾರ್ಮರ್ ಇಟ್ಟರೆ ವೋಲ್ಟೇಜ್ ಸರಿಯಾಗುತ್ತದೆ, ಆದರೆ ಆ ಹರ್ಟ್ಸ್ ಲೆಕ್ಕದಲ್ಲೇ ತಿರುಗುವ ಚಕ್ರಗಳ ವೇಗ ಸರಿಯಾಗುವುದಿಲ್ಲ. ಇಡೀ ವಾದ್ಯ ಸುಮಾರು ಮೂರು ಮನೆ ಕೆಳಗಿನ ಶ್ರುತಿಗೆ ಇಳಿದು ಕೂರುತ್ತದೆ.

ಕೊನೆಗೆ ನಮ್ಮ ಮಳೆಗಾಲ. ಆಟಿ ತಿಂಗಳಲ್ಲಿ ಮರ ಉಬ್ಬಿ ಮನೆಗಳು ಸಿಕ್ಕಿಹಾಕಿಕೊಳ್ಳುತ್ತವೆ. ಎಣ್ಣೆ ಹಾಕಬೇಡಿ, ಬಿಸಿಲಿಗೂ ಇಡಬೇಡಿ, ಉಜ್ಜಲಿಕ್ಕೂ ಹೋಗಬೇಡಿ, ಚೌತಿ ಕಳೆದು ಹವೆ ಒಣಗಿದರೆ ಹೆಚ್ಚಿನವು ತಾವಾಗಿಯೇ ಬಿಡುತ್ತವೆ. ದಿನಕ್ಕೆ ಸ್ವಲ್ಪ ಹೊತ್ತು ನುಡಿಸಿ, ಒಳಗೆ ಗಾಳಿ ಆಡಲಿ. ಪ್ಲಾಸ್ಟಿಕ್ ಹೊದಿಕೆ ಖಂಡಿತ ಬೇಡ, ಅದು ಥಂಡಿಯನ್ನು ಒಳಗೇ ಕೂಡಿ ಹಾಕುತ್ತದೆ. ಹತ್ತಿಯ ಹಳೆ ಪಂಚೆ ಒಂದು ಹೊದಿಸಿ. ನಮಸ್ಕಾರ.